ಗಡಿ ಎಲ್ಲಿ ಹಾಕ್ತೀರಿ?

ನಮಸ್ಕಾರ.

2016ರ ಜೂನ್ 24. ನಮ್ಮಲ್ಲಿ ಇನ್ನೂ ನಸುಕು. ಯುರೋಪಿನ ದೇಶಗಳ ಕೂಟವಾದ ಐರೋಪ್ಯ ಒಕ್ಕೂಟದಲ್ಲಿ ಇರೋದೋ ಬಿಡೋದೋ ಅಂತ ಬ್ರಿಟನ್ ಹಿಂದಿನ ದಿನ ತನ್ನ ಜನರನ್ನ ಕೇಳಿತ್ತು. ಆ ಬಿಡೋದಕ್ಕೇ ಬ್ರೆಕ್ಸಿಟ್ ಅಂತ ಹೆಸರು. ಇಂಗ್ಲೆಂಡಿನ ಈಶಾನ್ಯಕ್ಕಿರೋ ಸಂಡರ್ಲೆಂಡ್ ಊರಿನ ಮತ ಎಣಿಕೆ ಮುಗಿದು ಫಲಿತಾಂಶ ಹೊರಗೆ ಬಂತು. ನೂರಕ್ಕೆ 61 ಜನ ಐರೋಪ್ಯ ಒಕ್ಕೂಟ ಬಿಟ್ಟುಬಿಡೋಣ ಅಂದಿದ್ರು. ಆ ಸಂಖ್ಯೆ ಟಿವಿಯಲ್ಲಿ ಬಂದ ಕೆಲವೇ ನಿಮಿಷದಲ್ಲಿ ಪೌಂಡ್ ಕುಸಿಯೋಕೆ ಶುರುವಾಯ್ತು. ಅಲ್ಲಿ ಬೆಳಗಾಗೋ ಹೊತ್ತಿಗೆ ಡಾಲರ್ ಎದುರು 1985ರಿಂದೀಚೆಗೆ ಕಾಣದಷ್ಟು ಕೆಳಕ್ಕೆ ಇಳಿದಿತ್ತು. ಪ್ರಧಾನಿ ಡೇವಿಡ್ ಕ್ಯಾಮರೂನ್ ಮನೆ ಬಾಗಿಲ ಮುಂದೆ ನಿಂತು ರಾಜೀನಾಮೆ ಘೋಷಿಸಿದ್ರು. ಒಟ್ಟು ಲೆಕ್ಕ: ಹೋಗೋಣ ಅಂದವರು 51.9, ಇರೋಣ ಅಂದವರು 48.1.

ಸಂಡರ್ಲೆಂಡಿನ ಬಗ್ಗೆ ಸ್ವಲ್ಪ ಹೇಳ್ಬೇಕು. ಆ ಊರಲ್ಲಿ ನಿಸಾನ್ ಕಾರು ಕಾರ್ಖಾನೆ ಇದೆ, 1986ರಿಂದ. ಸಾವಿರಾರು ಮನೆಗಳ ಒಲೆ ಉರಿಯೋದು ಅದರಿಂದ. ಜಪಾನಿನ ಕಂಪನಿ ಅಲ್ಲಿಗೆ ಬಂದದ್ದೇ ಬ್ರಿಟನ್ ಯುರೋಪಿನ ಹೆಬ್ಬಾಗಿಲು ಅನ್ನೋ ಕಾರಣಕ್ಕೆ. ಅಂಥ ಊರೇ ಹೊರಗೆ ಹೋಗೋಣ ಅಂದಾಗ, ತಮ್ಮ ತಟ್ಟೆಗೆ ತಾವೇ ಮಣ್ಣು ಹಾಕಿಕೊಂಡ್ರು, ದಡ್ಡರು ಅಂತ ಎಷ್ಟೋ ಜನ ಬರೆದ್ರು. ನಾನು ಒಪ್ಪಲ್ಲ. ಅದು ಒಂದು ಕಾಲಕ್ಕೆ ಹಡಗು ಕಟ್ಟೋ ಊರು. 1988ರಲ್ಲಿ ಆ ಕೆಲಸ ನಿಂತುಹೋಯ್ತು. 1993ರಲ್ಲಿ ಕಲ್ಲಿದ್ದಲ ಗಣಿ ಮುಚ್ಚಿತು. ಲಂಡನ್ನಿನಲ್ಲಿ ಹುಟ್ಟಿದ ದುಡ್ಡು ಅಲ್ಲಿವರೆಗೆ ಹರಿದು ಬರಲಿಲ್ಲ. 2010ರ ನಂತರ ಸರ್ಕಾರ ಖರ್ಚು ಕಡಿತ ಶುರುಮಾಡಿದಾಗ ಪೆಟ್ಟು ಬಿದ್ದದ್ದು ಇಂಥ ಊರುಗಳಿಗೇ. ಮೂವತ್ತು ವರ್ಷ ಯಾರೂ ಕೇಳದ ಜನರನ್ನ ಒಂದು ದಿನ ಕರೆದು, ಹೇಳಿ, ನಿಮಗೇನು ಬೇಕು ಅಂತ ಕೇಳಿದ್ರೆ, ಈಗಿರೋದು ಬೇಡ ಅನ್ನೋದೇ ಅವರ ಉತ್ತರ. ಅದರಲ್ಲಿ ದಡ್ಡತನ ಎಲ್ಲಿದೆ?

ನನ್ನ ತಕರಾರು ಮತ ಹಾಕಿದವರ ಮೇಲಲ್ಲ, ಪ್ರಶ್ನೆ ಕೇಳಿದವರ ಮೇಲೆ. ಮತಪತ್ರದಲ್ಲಿ ಇದ್ದದ್ದು ಎರಡೇ ಆಯ್ಕೆ: ಇರೋದು, ಬಿಡೋದು. ಬಿಡೋದು ಅಂದ್ರೆ ಏನು ಅಂತ ಎಲ್ಲೂ ಇರಲಿಲ್ಲ. ನಾರ್ವೆ ಒಕ್ಕೂಟದ ಸದಸ್ಯ ಅಲ್ಲ, ಆದರೂ ಅದರ ಮಾರುಕಟ್ಟೆಯ ಒಳಗಿದೆ. ಟರ್ಕಿ ಸದಸ್ಯ ಅಲ್ಲ, ಆದರೂ ಸುಂಕದ ಒಕ್ಕೂಟದಲ್ಲಿದೆ, ಅಂದ್ರೆ ಹೆಚ್ಚಿನ ಸರಕಿಗೆ ನಡುವೆ ಸುಂಕ ಇಲ್ಲ. ಕೆನಡಾಕ್ಕೆ ಬರೀ ಒಂದು ವ್ಯಾಪಾರ ಒಪ್ಪಂದ. ಇವುಗಳಲ್ಲಿ ಯಾವುದು? 1 ಕೋಟಿ 74 ಲಕ್ಷ ಜನ ಬಿಡೋಣ ಅಂದ್ರು, ಅವರಲ್ಲಿ ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಬಿಡುಗಡೆ ಇತ್ತು. ಅದಕ್ಕೇ ಮುಂದಿನ ಮೂರೂವರೆ ವರ್ಷ ಆ ಸಂಸತ್ತು ಬೇರೆ ಕೆಲಸವೇ ಮಾಡಲಿಲ್ಲ ಅನ್ನೋ ಹಾಗಾಯ್ತು. 2019ರ ಜನವರಿ 15ಕ್ಕೆ, ಕ್ಯಾಮರೂನ್ ನಂತರ ಪ್ರಧಾನಿಯಾದ ತೆರೇಸಾ ಮೇ ತಂದ ಒಪ್ಪಂದ 432ಕ್ಕೆ 202 ಮತಗಳಿಂದ ಬಿದ್ದುಹೋಯ್ತು. ಆಧುನಿಕ ಬ್ರಿಟನ್ನಿನಲ್ಲಿ ಯಾವ ಸರ್ಕಾರವೂ ಅಷ್ಟು ದೊಡ್ಡ ಅಂತರದಿಂದ ಸೋತಿರಲಿಲ್ಲ. ಆಮೇಲೆ ಬಂದ ಬೋರಿಸ್ ಜಾನ್ಸನ್ ಸಂಸತ್ತನ್ನೇ ಐದು ವಾರ ಮುಚ್ಚಿಡೋಕೆ ಹೋದ್ರು, ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳೂ ಒಂದೇ ದನಿಯಲ್ಲಿ ಅದು ಕಾನೂನುಬಾಹಿರ ಅಂದ್ರು. ಕೊನೆಗೆ 2020ರ ಜನವರಿ 31ಕ್ಕೆ ಬ್ರಿಟನ್ ಹೊರಗೆ ಬಂತು.

ಆ ಗದ್ದಲದ ಅಡಿಯಲ್ಲಿ ಒಂದೇ ಒಂದು ಪ್ರಶ್ನೆ ಇತ್ತು. ಒಕ್ಕೂಟ ಬಿಟ್ಟ ಮೇಲೆ ಅದಕ್ಕೂ ನಿಮಗೂ ನಡುವೆ ಗಡಿ ಅಂತ ಒಂದು ಬೇಕಲ್ಲ, ಅದನ್ನ ಎಲ್ಲಿ ಹಾಕ್ತೀರಿ? ಪ್ರಚಾರದ ದಿನಗಳಲ್ಲಿ ಈ ಪ್ರಶ್ನೆ ಹೆಚ್ಚುಕಡಿಮೆ ಯಾರ ಬಾಯಲ್ಲೂ ಬರಲಿಲ್ಲ. ವಾರಕ್ಕೆ 35 ಕೋಟಿ ಪೌಂಡ್ ಯುರೋಪಿಗೆ ಹೋಗ್ತಿದೆ, ಅದನ್ನ ನಮ್ಮ ಸರ್ಕಾರಿ ಆಸ್ಪತ್ರೆಗಳಿಗೆ ಕೊಡೋಣ ಅಂತ ಕೆಂಪು ಬಸ್ಸಿನ ಮೇಲೆ ಬರೆಸಿಕೊಂಡು ಊರೂರು ತಿರುಗಿದ್ರು. ಆ ಅಂಕಿ ದಾರಿ ತಪ್ಪಿಸೋ ಅಂಥದ್ದು ಅಂತ ಅವರದೇ ಅಂಕಿಅಂಶ ಪ್ರಾಧಿಕಾರ ಹೇಳಿತ್ತು. ಬಸ್ಸು ಮಾತ್ರ ನಿಲ್ಲಲಿಲ್ಲ.

ಗಡಿಯ ಪ್ರಶ್ನೆ ಜೀವಂತವಾಗಿ ಎದುರಾದದ್ದು ಐರ್ಲೆಂಡಿನಲ್ಲಿ. ಆ ದ್ವೀಪದ ದಕ್ಷಿಣ ಭಾಗ ಐರ್ಲೆಂಡ್ ಗಣರಾಜ್ಯ, ಒಕ್ಕೂಟದ ಸದಸ್ಯ. ಉತ್ತರ ಐರ್ಲೆಂಡ್ ಬ್ರಿಟನ್ನಿನ ಭಾಗ. ನಡುವೆ ಸುಮಾರು 500 ಕಿಲೋಮೀಟರ್ ಗಡಿ, ಅದನ್ನ ದಾಟೋ ರಸ್ತೆಗಳೇ 200ಕ್ಕೂ ಹೆಚ್ಚು. ಕೆಲವು ಕಡೆ ಗಡಿ ಹೊಲದ ಮಧ್ಯೆಯೇ ಹಾದುಹೋಗುತ್ತೆ. ಐರ್ಲೆಂಡಿಗೆ ಸೇರೋಣ ಅನ್ನೋರಿಗೂ ಬ್ರಿಟನ್ನಿನಲ್ಲೇ ಇರೋಣ ಅನ್ನೋರಿಗೂ ನಡುವೆ ಮೂವತ್ತು ವರ್ಷ ಅಲ್ಲಿ ರಕ್ತ ಹರಿದಿದೆ. 3,500ಕ್ಕೂ ಹೆಚ್ಚು ಜನ ಸತ್ರು. ಗಡಿಯಲ್ಲಿ ಸೇನೆಯ ತಪಾಸಣಾ ಠಾಣೆಗಳು, ಕಾವಲು ಗೋಪುರಗಳು. 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದ ಆದ ಮೇಲೆ ಅವು ಒಂದೊಂದಾಗಿ ಕೆಳಗಿಳಿದ್ವು. ಎರಡೂ ಕಡೆ ಒಂದೇ ಒಕ್ಕೂಟದಲ್ಲಿದ್ದ ಕಾರಣ ಸುಂಕದ ಕಟ್ಟೆಯೂ ಬೇಕಾಗಲಿಲ್ಲ. ಇವತ್ತು ಆ ದಾರಿಯಲ್ಲಿ ಹೋದ್ರೆ ದೇಶ ಬದಲಾಯ್ತು ಅಂತ ತಿಳಿಯೋದು ರಸ್ತೆ ಬದಿಯ ವೇಗದ ಫಲಕ ಮೈಲಿಯಿಂದ ಕಿಲೋಮೀಟರ್‌ಗೆ ಬದಲಾದಾಗ. ಉತ್ತರದ ಹಸುಗಳ ಹಾಲಿನಲ್ಲಿ ಸುಮಾರು ಮೂರನೇ ಒಂದು ಭಾಗ ಸಂಸ್ಕರಣೆಗೆ ದಕ್ಷಿಣದ ಡೈರಿಗಳಿಗೆ ಹೋಗುತ್ತೆ. ಹಾಲಿನ ಟ್ಯಾಂಕರ್ ನಿಲ್ಲಿಸಿ ಕಾಗದ ಕೇಳ್ತಾ ಕೂತ್ರೆ ಏನಾಗುತ್ತೆ ಅಂತ ಮಂಡ್ಯದ ರೈತರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆ ನೆಲದ ಮೇಲೆ ಮತ್ತೆ ಗಡಿ ಎಬ್ಬಿಸೋಕೆ ಯಾರಿಗೂ ಧೈರ್ಯ ಇರಲಿಲ್ಲ. ಇರಬಾರದು ಕೂಡ. ಹಾಗಾದ್ರೆ ಎಲ್ಲಿ? ಜಾನ್ಸನ್ ಅದನ್ನ ಸಮುದ್ರಕ್ಕೆ ತಳ್ಳಿದ್ರು. ಇಂಗ್ಲೆಂಡಿನಿಂದ, ಸ್ಕಾಟ್ಲೆಂಡಿನಿಂದ ಉತ್ತರ ಐರ್ಲೆಂಡಿಗೆ ಹೋಗೋ ಸರಕಿಗೆ ತಪಾಸಣೆ ಅಂತಾಯ್ತು. ಅಂದ್ರೆ ಒಂದು ದೇಶ ತನ್ನದೇ ಎರಡು ಭಾಗಗಳ ನಡುವೆ ಗೆರೆ ಎಳೆದುಕೊಳ್ತು. ಯಾವ ಕಾಗದವೂ ಬೇಡ, ಯಾವ ತಪಾಸಣೆಯೂ ಇರಲ್ಲ ಅಂತ ಅಲ್ಲಿನ ವ್ಯಾಪಾರಿಗಳಿಗೆ ಅವರು ಮಾತು ಕೊಟ್ಟಿದ್ರು. 2021ರ ಜನವರಿಯಲ್ಲಿ ಬೆಲ್‌ಫಾಸ್ಟಿನ ಸೂಪರ್ ಮಾರ್ಕೆಟ್‌ಗಳ ಕಪಾಟುಗಳು ಅಲ್ಲಲ್ಲಿ ಖಾಲಿ ಬಿದ್ವು. ಬ್ರಿಟನ್ನಿಗೆ ನಿಷ್ಠರಾದ ಡಿಯುಪಿ ಪಕ್ಷದವರು ನಮ್ಮನ್ನ ನಡುನೀರಲ್ಲಿ ಬಿಟ್ರಿ ಅಂತ ಸಿಟ್ಟಾಗಿ 2022ರ ಫೆಬ್ರವರಿಯಲ್ಲಿ ಪ್ರಾಂತ್ಯ ಸರ್ಕಾರದಿಂದ ಹೊರಬಂದ್ರು. ಎರಡು ವರ್ಷ ಆ ಪ್ರಾಂತ್ಯಕ್ಕೆ ಪೂರ್ಣ ಪ್ರಮಾಣದ ಸರ್ಕಾರವೇ ಇರಲಿಲ್ಲ. ಆಸ್ಪತ್ರೆಯ ಸರದಿ ಉದ್ದವಾಗ್ತಾ ಹೋಯ್ತು, ತೀರ್ಮಾನ ತೊಗೊಳ್ಳೋರಿಲ್ಲ. ನೆನಪಿಡಿ, ಉತ್ತರ ಐರ್ಲೆಂಡಿನ ನೂರಕ್ಕೆ 55.8 ಜನ ಒಕ್ಕೂಟದಲ್ಲೇ ಇರೋಣ ಅಂದಿದ್ರು. ಬೇಡ ಅಂದವರ ತಲೆ ಮೇಲೆ ಅತಿ ಭಾರದ ಹೊರೆ ಬಿತ್ತು. ನನಗೆ ತುಂಬ ನೋವು ಕೊಡೋ ಭಾಗ ಇದೇ.

2023ರ ಫೆಬ್ರವರಿಯಲ್ಲಿ, ಆ ಸಮುದ್ರದ ತಪಾಸಣೆ ಕಡಿಮೆ ಮಾಡೋಕೆ, ವಿಂಡ್ಸರ್ ಚೌಕಟ್ಟು ಅಂತ ಒಂದು ತಿದ್ದುಪಡಿ ಮಾಡಿಕೊಂಡ್ರು. ಮಾಡಿದ್ದು ಆಗಿನ ಪ್ರಧಾನಿ ರಿಷಿ ಸುನಕ್, ನಮ್ಮ ಬೆಂಗಳೂರಿನ ಅಳಿಯ. ಅದಕ್ಕಾಗಿ ಅವರಿಗೆ ಮೆಚ್ಚುಗೆ ಸಲ್ಲಬೇಕು. ಮರುದಿನ ಉತ್ತರ ಐರ್ಲೆಂಡಿಗೆ ಹೋಗಿ ಅವರು ಹೇಳಿದ್ದನ್ನ ಮಾತ್ರ ನಾನು ಇನ್ನೂ ಮರೆತಿಲ್ಲ. ಬ್ರಿಟನ್ನಿನ ಮಾರುಕಟ್ಟೆಯೂ ಯುರೋಪಿನ ಮಾರುಕಟ್ಟೆಯೂ ಎರಡೂ ತೆರೆದಿರೋದು ಜಗತ್ತಿನಲ್ಲಿ ನಿಮಗೊಬ್ಬರಿಗೇ, ಎಂಥ ಭಾಗ್ಯ ನಿಮ್ಮದು ಅನ್ನೋ ಅರ್ಥದಲ್ಲಿ ಮಾತಾಡಿದ್ರು. 2020ರವರೆಗೆ ಆ ಭಾಗ್ಯ ಇಡೀ ಬ್ರಿಟನ್ನಿಗೆ ಇತ್ತು. ಬಿಡೋಣ ಅಂತ ಪ್ರಚಾರ ಮಾಡಿದವರಲ್ಲಿ ಸುನಕ್ ಕೂಡ ಒಬ್ಬರು.

ಇನ್ನು ದುಡ್ಡಿನ ವಿಚಾರ. ಜಿಎಸ್‌ಟಿ ಬರೋ ಮೊದಲು ರಾಜ್ಯಗಳ ಗಡಿ ಚೆಕ್‌ಪೋಸ್ಟ್‌ಗಳಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ತಿದ್ದದ್ದು ನಿಮಗೆ ಗೊತ್ತಿರುತ್ತೆ. ಯುರೋಪ್ ತನ್ನೊಳಗೆ ಆ ಸಾಲನ್ನ ತೆಗೆದುಹಾಕಿದ್ದು ಏಕ ಮಾರುಕಟ್ಟೆಯಿಂದ. ಒಂದು ದೇಶದಲ್ಲಿ ಪಾಸಾದ ಸರಕು ಎಲ್ಲ ದೇಶದಲ್ಲೂ ಪಾಸು. 1980ರ ದಶಕದಲ್ಲಿ ಅದಕ್ಕಾಗಿ ಮುಂದೆ ನಿಂತು ಒತ್ತಾಯಿಸಿದವರಲ್ಲಿ ಆಗಿನ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಪ್ರಮುಖರು. ಬ್ರಿಟನ್ ತಾನೇ ಕಟ್ಟೋಕೆ ಕೈಜೋಡಿಸಿದ ಮನೆ ಅದು.

2020ರ ಕ್ರಿಸ್‌ಮಸ್ ಹಿಂದಿನ ದಿನ ಆದ ವ್ಯಾಪಾರ ಒಪ್ಪಂದದಲ್ಲಿ ಸುಂಕ ಇಲ್ಲ, ನಿಜ. ಆದರೆ ಸುಂಕ ಇಲ್ಲ ಅಂದ್ರೆ ಕಾಗದ ಇಲ್ಲ ಅಂತಲ್ಲ. ಸರಕು ಎಲ್ಲಿ ಹುಟ್ಟಿದ್ದು ಅನ್ನೋದಕ್ಕೆ ಪುರಾವೆ, ಕಸ್ಟಮ್ಸ್ ಅರ್ಜಿ, ತಿನ್ನೋ ವಸ್ತುವಾದ್ರೆ ಪಶುವೈದ್ಯರ ಸಹಿ ಇರೋ ಆರೋಗ್ಯ ಪ್ರಮಾಣಪತ್ರ. ಸಣ್ಣ ಚೀಸ್ ತಯಾರಕರೊಬ್ಬರು ಮೊದಲು ಫ್ರಾನ್ಸಿನ, ಜರ್ಮನಿಯ ಗಿರಾಕಿಗಳಿಗೆ 30 ಪೌಂಡಿನ ಪೊಟ್ಟಣವನ್ನ ಅಂಚೆಯಲ್ಲೇ ಕಳಿಸ್ತಿದ್ರು. ಈಗ ಪ್ರತಿ ಪೊಟ್ಟಣಕ್ಕೂ 180 ಪೌಂಡಿನ ಪ್ರಮಾಣಪತ್ರ. ಆ ವ್ಯಾಪಾರ ಅಲ್ಲಿಗೇ ಮುಗೀತು. ದೊಡ್ಡ ಕಂಪನಿಗಳು ವಕೀಲರನ್ನ ಇಟ್ಟುಕೊಂಡ್ವು, ಆಮ್‌ಸ್ಟರ್‌ಡ್ಯಾಮಿನಲ್ಲೊಂದು, ಡಬ್ಲಿನ್ನಿನಲ್ಲೊಂದು ಕಚೇರಿ ತೆರೆದ್ವು. ಹತ್ತು ಜನರ ಕಾರ್ಖಾನೆಗೆ ಆ ದಾರಿ ಇಲ್ಲ. ಸ್ಕಾಟ್ಲೆಂಡಿನ ಮೀನುಗಾರರಿಗೆ ಸಮುದ್ರ ನಿಮ್ಮದಾಗುತ್ತೆ ಅಂತ ಹೇಳಿದ್ರು. 2021ರ ಜನವರಿಯಲ್ಲಿ ಅವರು ಹಿಡಿದ ಸರಕು ಕಾಗದಕ್ಕಾಗಿ ಕಾಯ್ತಾ ಲಾರಿಯಲ್ಲೇ ಹಳಸಿತು.

ಬ್ರಿಟನ್ ಸರ್ಕಾರದ ಬಜೆಟ್ ಅಂದಾಜುಗಳನ್ನ ಸ್ವತಂತ್ರವಾಗಿ ಮಾಡೋ ಸಂಸ್ಥೆಯೊಂದಿದೆ. ಒಕ್ಕೂಟದಲ್ಲೇ ಇದ್ದಿದ್ರೆ ಎಷ್ಟಿರ್ತಿತ್ತೋ ಅದಕ್ಕೆ ಹೋಲಿಸಿದ್ರೆ ದೇಶದ ಉತ್ಪಾದಕತೆ ದೀರ್ಘಕಾಲದಲ್ಲಿ ಶೇಕಡ 4ರಷ್ಟು ಕಡಿಮೆ ಆಗುತ್ತೆ ಅನ್ನೋದು ಅದರ ಲೆಕ್ಕ. ಕೊರೋನಾ ಬಂತು, ಉಕ್ರೇನ್ ಯುದ್ಧ ಬಂತು, ಅದನ್ನೂ ಇದನ್ನೂ ಬೇರ್ಪಡಿಸೋದು ಕಷ್ಟ. ಆದರೂ 4 ಅನ್ನೋದು ಚಿಕ್ಕ ಸಂಖ್ಯೆ ಅನ್ನಿಸಿದ್ರೆ ಇದನ್ನ ಪಕ್ಕಕ್ಕಿಡಿ: 2025ರ ಜುಲೈ 24ಕ್ಕೆ ಭಾರತದ ಜೊತೆ ಬ್ರಿಟನ್ ಸಹಿ ಹಾಕಿದ ವ್ಯಾಪಾರ ಒಪ್ಪಂದ, ಒಕ್ಕೂಟದ ಒಳಗಿದ್ದಿದ್ರೆ ತಾನೊಂದೇ ಮಾಡಿಕೊಳ್ಳೋಕೆ ಆಗದ ಒಪ್ಪಂದ, ಬ್ರೆಕ್ಸಿಟ್‌ನ ದೊಡ್ಡ ಫಲಗಳಲ್ಲಿ ಒಂದು. ಅದರಿಂದ ದೀರ್ಘಕಾಲದಲ್ಲಿ ಬ್ರಿಟನ್ನಿಗೆ ವರ್ಷಕ್ಕೆ 480 ಕೋಟಿ ಪೌಂಡ್ ಲಾಭ ಅಂತ ಅಲ್ಲಿನ ಸರ್ಕಾರವೇ ಹೇಳುತ್ತೆ. ದೇಶದ ಒಟ್ಟು ಉತ್ಪನ್ನದಲ್ಲಿ ಅದು ನೂರಕ್ಕೆ 0.1ರ ಆಸುಪಾಸು. ಪಕ್ಕದ ಮನೆಯವರ ಜೊತೆ ಕೊಡು-ಕೊಳ್ಳುವಿಕೆ ಕಡಿಮೆ ಮಾಡಿಕೊಂಡು ಏಳು ಸಾವಿರ ಕಿಲೋಮೀಟರ್ ಆಚೆಯವರ ಜೊತೆ ಎಷ್ಟು ವ್ಯಾಪಾರ ಮಾಡಿದ್ರೂ ಆ ತೂತು ಮುಚ್ಚಲ್ಲ.

ಲಾಭವೇ ಇಲ್ಲ ಅಂತಲೂ ಹೇಳಲ್ಲ. 2025ರಲ್ಲಿ ಟ್ರಂಪ್ ಸುಂಕ ಹಾಕಿದಾಗ ಹೆಚ್ಚಿನ ಸರಕಿಗೆ ಬ್ರಿಟನ್ನಿಗೆ ಶೇಕಡ 10, ಒಕ್ಕೂಟಕ್ಕೆ 15 ಆಯ್ತು. ಅದು ಆಗ ನಿಜವಾದ ಅನುಕೂಲವೇ ಆಗಿತ್ತು.

ವಲಸೆ ವಿಚಾರಕ್ಕೆ ಬರ್ತೀನಿ, ಯಾಕಂದ್ರೆ ಇಲ್ಲಿ ನಮ್ಮವರಿದ್ದಾರೆ. ಬಿಡೋಣ ಅಂದ ಅನೇಕರ ಮನಸ್ಸಲ್ಲಿದ್ದದ್ದು ಹೊರಗಿನವರು ಕಡಿಮೆ ಆಗ್ಬೇಕು ಅನ್ನೋದು. ಒಕ್ಕೂಟದವರು ವೀಸಾ ಇಲ್ಲದೆ ಬಂದು ದುಡಿಯೋ ಹಕ್ಕು ಹೋದ ಮೇಲೆ ಪೋಲೆಂಡ್, ರೊಮೇನಿಯಾ ಕಡೆಯಿಂದ ಬರೋರು ಕಡಿಮೆ ಆದ್ರು. 2021ರ ಸೆಪ್ಟೆಂಬರಿನಲ್ಲಿ ಟ್ಯಾಂಕರ್ ಓಡಿಸೋಕೆ ಚಾಲಕರಿಲ್ಲದೆ ಪೆಟ್ರೋಲ್ ಬಂಕುಗಳ ಮುಂದೆ ಸಾಲು ನಿಂತು, ಸೈನಿಕರನ್ನ ಕರೆಸಬೇಕಾಯ್ತು. ಆಸ್ಪತ್ರೆಗೆ, ವೃದ್ಧಾಶ್ರಮಕ್ಕೆ ಜನ ಬೇಕಲ್ಲ? ಸರ್ಕಾರವೇ ವೀಸಾ ಬಾಗಿಲು ತೆರೆದು ಭಾರತ, ನೈಜೀರಿಯಾ, ಫಿಲಿಪ್ಪೀನ್ಸ್ ಕಡೆ ತಿರುಗಿತು. ಮಂಗಳೂರು, ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದಿದವರು ಹೋದ್ರು, ಸಾಲ ಮಾಡಿ ಎಂಎಸ್‌ಸಿ ಓದೋಕೆ ಮಕ್ಕಳು ಹೋದ್ರು. 2023ರ ಹೊತ್ತಿಗೆ ನಿವ್ವಳ ವಲಸೆ, ಅಂದ್ರೆ ಬಂದವರಲ್ಲಿ ಹೋದವರನ್ನ ಕಳೆದ ಲೆಕ್ಕ, ವರ್ಷಕ್ಕೆ 9 ಲಕ್ಷ ದಾಟಿತು. ಬ್ರೆಕ್ಸಿಟ್‌ಗೆ ಮುಂಚೆ ಯಾವತ್ತೂ ಅಷ್ಟು ಇರಲಿಲ್ಲ.

ಮೋಸ ಆಯ್ತು ಅಂತ ಜನಕ್ಕೆ ಅನ್ನಿಸಿತು. ಆ ಸಿಟ್ಟು ಯಾರ ಕಡೆ ತಿರುಗಿತು ನೋಡಿ. ಮಾತು ಕೊಟ್ಟವರ ಕಡೆ ಅಲ್ಲ, ಕರೆದಾಗ ಬಂದ ನರ್ಸ್ ಕಡೆ. 2024ರ ಜನವರಿಯಿಂದ ಹೆಚ್ಚಿನ ವಿದ್ಯಾರ್ಥಿಗಳು ಕುಟುಂಬ ಕರೆತರೋ ಹಾಗಿಲ್ಲ. 2025ರ ಜುಲೈನಲ್ಲಿ ಆರೈಕೆ ಕೆಲಸದವರನ್ನ ಹೊರದೇಶದಿಂದ ಹೊಸದಾಗಿ ಕರೆಸೋದನ್ನ ನಿಲ್ಲಿಸಿದ್ರು. ಐದು ವರ್ಷಕ್ಕೆ ಸಿಗ್ತಿದ್ದ ಕಾಯಂ ವಾಸದ ಹಕ್ಕನ್ನ ಹತ್ತು ವರ್ಷಕ್ಕೆ ಏರಿಸ್ತೀವಿ ಅಂತ 2025ರಲ್ಲಿ ಸರ್ಕಾರ ಹೇಳಿತು. ಇದ್ದ ಮನೆ ಅಡವಿಟ್ಟು ಹೋದವರಿಗೆ ಈ ಮಾತು ಹೇಗೆ ಕೇಳಿಸುತ್ತೆ ಅಂತ ಯೋಚನೆ ಮಾಡಿ. ಇತ್ತ ನೈಜೆಲ್ ಫರಾಜ್, ಒಕ್ಕೂಟ ಬಿಡೋಣ ಅಂತ ದಶಕಗಳ ಕಾಲ ಕೂಗಿದವರು, 2025ರ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ತಮ್ಮ ರಿಫಾರ್ಮ್ ಪಕ್ಷಕ್ಕೆ ದೊಡ್ಡ ಗೆಲುವು ತಂದ್ರು. ಬ್ರೆಕ್ಸಿಟ್ ತಪ್ಪು ಅಂತ ಅಲ್ಲಿ ಹೆಚ್ಚಿನವರು ಸಮೀಕ್ಷೆಗಳಲ್ಲಿ ವರ್ಷಗಳಿಂದ ಹೇಳ್ತಾ ಇದ್ದಾರೆ. ಆದರೂ ಅದರ ಮುಂದಾಳು ಇನ್ನಷ್ಟು ಬಲಿತಿದ್ದಾರೆ.

2025ರ ಮೇ 19ಕ್ಕೆ ಪ್ರಧಾನಿ ಕಿಯರ್ ಸ್ಟಾರ್ಮರ್ ಯುರೋಪಿನ ಜೊತೆ ಮತ್ತೆ ಕೂತು ಮಾತಾಡಿದ್ರು. ತಿನ್ನೋ ವಸ್ತುಗಳ ಗಡಿ ತಪಾಸಣೆ ಬಹುಮಟ್ಟಿಗೆ ತೆಗೆಯೋಣ ಅಂತ ತಾತ್ವಿಕವಾಗಿ ಒಪ್ಪಿಕೊಂಡ್ರು. ಬದಲಿಗೆ ಆಹಾರದ ವಿಷಯದಲ್ಲಿ ಯುರೋಪ್ ಮಾಡೋ ನಿಯಮವನ್ನ, ಮುಂದೆ ಅದು ಬದಲಾದಾಗಲೂ, ಬ್ರಿಟನ್ ಪಾಲಿಸಬೇಕು. ಅದು ರೂಪುಗೊಳ್ಳುವಾಗ ಅಭಿಪ್ರಾಯ ಹೇಳಬಹುದು, ಮತ ಹಾಕೋ ಹಾಗಿಲ್ಲ. ಯುರೋಪಿನ ದೋಣಿಗಳು ಬ್ರಿಟನ್ನಿನ ನೀರಲ್ಲಿ 2038ರವರೆಗೆ ಮೀನು ಹಿಡಿಯಬಹುದು. ಈ ಒಪ್ಪಂದ ಬೇಡವಾಗಿತ್ತು ಅಂತ ನಾನು ಅನ್ನಲ್ಲ, ಆ ಚೀಸ್‌ನವರಿಗೆ ಇದು ಬೇಕು. ಆದರೆ 2016ರಲ್ಲಿ ಆ ನಿಯಮ ಮಾಡೋ ಮೇಜಿನ ಸುತ್ತ ಬ್ರಿಟನ್ನಿಗೆ ಒಂದು ಕುರ್ಚಿ ಇತ್ತು.

ಇಂಗ್ಲೆಂಡಿನ ದಕ್ಷಿಣ ತೀರದ ಪೋರ್ಟ್ಸ್‌ಮತ್ ಬಂದರಿನಲ್ಲಿ ಈ ತಪಾಸಣೆಗಾಗಿಯೇ ಎರಡೂವರೆ ಕೋಟಿ ಪೌಂಡ್ ಸುರಿದು ದೊಡ್ಡ ಕಟ್ಟಡ ಎಬ್ಬಿಸಿದ್ದಾರೆ. ಅದರಲ್ಲಿ ಒಂದು ಪಾಲು ಆ ಊರಿನ ನಗರಸಭೆಯದ್ದೇ ದುಡ್ಡು. ಶಾಲೆ ರಿಪೇರಿಗೋ ರಸ್ತೆಗೋ ಹೋಗಬಹುದಾಗಿದ್ದ ದುಡ್ಡು. ತಪಾಸಣೆ ಶುರುಮಾಡೋ ದಿನವನ್ನ ಸರ್ಕಾರ ಐದು ಸಲ ಮುಂದೂಡಿತು. ಕೊನೆಗೆ ಶುರುವಾದದ್ದು 2024ರಲ್ಲಿ, ಅದೂ ಮೊದಲು ಹೇಳಿದ್ದಕ್ಕಿಂತ ಕಡಿಮೆ ಪ್ರಮಾಣದಲ್ಲಿ. ಮರುವರ್ಷವೇ ಅದನ್ನ ತೆಗೆಯೋ ಮಾತು. ಈಗ ಆ ಕಟ್ಟಡವನ್ನ ಏನು ಮಾಡೋದು ಅಂತ ಬಂದರಿನವರು ಕೇಳ್ತಿದ್ದಾರೆ.