ಎಣ್ಣೆ ಕುಡಿದ ಮಣ್ಣಿಗೆ ಕಬ್ಬಿನ ಮಡ್ಡಿ

ಪುಣೆ ಮತ್ತು ಪಿಂಪರಿ-ಚಿಂಚವಾಡದ ಕನ್ನಡ ಕೇಳುಗರಿಗೆ ನಮಸ್ಕಾರ. ನಿಮ್ಮಲ್ಲಿ ಗ್ಯಾರೇಜು ನಡೆಸುವವರು, ಭೋಸರಿ, ಚಾಕಣದ ಕಾರ್ಖಾನೆಗಳಲ್ಲಿ ದುಡಿಯುವವರು ಹಲವರಿದ್ದೀರಿ. ಆದ್ದರಿಂದ ಡೀಸೆಲ್ ಸೋರಿ ಕಪ್ಪಾದ ಮಣ್ಣನ್ನು ಏನು ಮಾಡಬೇಕೆಂಬ ಒಂದೇ ಪ್ರಶ್ನೆಯನ್ನು ಇಂದು ಎತ್ತಿಕೊಳ್ಳುತ್ತೇನೆ.

ಎಣ್ಣೆಯನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿ ಮೊದಲೇ ಇರುತ್ತವೆ. ಅವುಗಳಿಗೆ ಸರಿಯಾಗಿ ಉಣಿಸಿದರೆ ಸಾಕು. ಡೀಸೆಲ್‌ನಲ್ಲಿ ಇಂಗಾಲ ಬೇಕಾದಷ್ಟಿದೆ, ಸಾರಜನಕ ಮತ್ತು ರಂಜಕ ಇಲ್ಲವೆನ್ನುವಷ್ಟು ಕಡಿಮೆ. ತಟ್ಟೆಯ ತುಂಬ ಅನ್ನ ಬಡಿಸಿ ಸಾರನ್ನೇ ಕೊಡದಿದ್ದರೆ ಊಟ ಎಷ್ಟು ಸಾಗೀತು? 100 ಪಾಲು ಇಂಗಾಲಕ್ಕೆ ಸುಮಾರು 10 ಪಾಲು ಸಾರಜನಕ, 1 ಪಾಲು ರಂಜಕ ಎಂಬುದು ನಾವು ಹಿಡಿಯುವ ಲೆಕ್ಕ. ಆ ಕೊರತೆಯನ್ನು ನೀಗಿಸುವ ವಸ್ತು ಸಕ್ಕರೆ ಕಾರ್ಖಾನೆಗಳ ಹಿಂದೆ ಗುಡ್ಡೆ ಬಿದ್ದಿದೆ: ಕಬ್ಬಿನ ರಸವನ್ನು ಸೋಸಿದಾಗ ಉಳಿಯುವ ಪ್ರೆಸ್‌ಮಡ್, ಪ್ರತಿ ಟನ್ ಕಬ್ಬಿಗೆ 30ರಿಂದ 40 ಕಿಲೋ.

ಕೆಲವು ವರ್ಷಗಳ ಹಿಂದೆ ಭೋಸರಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಜನರೇಟರಿನ ಟಾಕಿ ತಿಂಗಳುಗಟ್ಟಲೆ ಸೋರಿ, ಹಿಂದಿನ ಅಂಗಳದಲ್ಲಿ ಹುಲ್ಲು ಕೂಡ ಹುಟ್ಟದಂತಾಗಿತ್ತು. ಬಾಗಲಕೋಟೆ ಕಡೆಯವರಾದ ಮಾಲೀಕರು ಆ ಮಣ್ಣನ್ನು ಲಾರಿಗೆ ತುಂಬಿಸಿ ಪವನಾ ನದಿಯ ದಂಡೆಗೆ ಸುರಿಸಲು ಹೊರಟಿದ್ದರು. ನಾನು ತಡೆದು, ಪ್ರೆಸ್‌ಮಡ್ ತರಿಸಿ ಎಂದಾಗ, "ನಮ್ಮೂರಾಗ ಇದನ್ನ ಕಬ್ಬಿನ ಹೊಲಕ್ಕ ಹಾಕ್ತೀವ್ರಿ ಸರ್, ಡೀಸೆಲ್ಲಿಗೆ ಹಾಕೂದ ಎಲ್ಲೂ ಕೇಳಿಲ್ಲ ನೋಡ್ರಿ" ಎಂದು ನಕ್ಕರು. ಮಣ್ಣನ್ನು ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ಮೊಣಕಾಲೆತ್ತರಕ್ಕೆ ಹರಡಿ, ನಾಲ್ಕು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ಪ್ರೆಸ್‌ಮಡ್, ಗಾಳಿಯಾಡಲು ಒಂದಿಷ್ಟು ಕಬ್ಬಿನ ಸಿಪ್ಪೆ ಬೆರೆಸಿದೆವು. ವಾರಕ್ಕೊಮ್ಮೆ ಮಗುಚಬೇಕೆಂದು ಹೇಳಿದ್ದನ್ನು ಅವರು ಮರೆತರು. ರಾಶಿಗೆ ಉಸಿರುಗಟ್ಟಿ, ಕೊಳೆತ ಮೊಟ್ಟೆಯ ನಾತವೆದ್ದು, ಪಕ್ಕದ ಶೆಡ್ಡಿನವರು ಜಗಳಕ್ಕೆ ಬಂದರು. ಅಲ್ಲಿಂದ ಮುಂದೆ ಮಾಲೀಕರು ತಾವೇ ನಿಂತು ಮಗುಚಿಸಿದರು. ಮಳೆಗಾಲ ಬರುವ ಹೊತ್ತಿಗೆ ಡೀಸೆಲ್ ವಾಸನೆ ಅಡಗಿತ್ತು, ಪರೀಕ್ಷೆಗೆಂದು ಬಿತ್ತಿದ ಮೆಂತ್ಯ ಮೊಳೆತಿತ್ತು. ಆ ಮೆಂತ್ಯದ ಪಲ್ಯ ಮಾಡಿಸಲು ಹೊರಟವರನ್ನು ನಾನು ಎರಡನೆಯ ಬಾರಿ ತಡೆಯಬೇಕಾಯಿತು.

ಇಷ್ಟು ಹೇಳಿದ ಮೇಲೂ, ಎಣ್ಣೆ ತಿನ್ನುವ ಬ್ಯಾಕ್ಟೀರಿಯಾದ ಪುಡಿಯನ್ನು ಕೊಂಡು ತರಬೇಕೆಂದುಕೊಂಡು "ಯಾವ ಪುಡಿ ಹಾಕಬೇಕು ಸರ್?" ಎಂದು ಕೇಳುವವರಿದ್ದಾರೆ. 2010ರ ಆಗಸ್ಟ್‌ನಲ್ಲಿ ಮುಂಬಯಿಯ ಬಳಿ ಎಂಎಸ್‌ಸಿ ಚಿತ್ರಾ ಹಡಗಿನಿಂದ ಎಣ್ಣೆ ಸೋರಿದಾಗ ದಡಕ್ಕೆ ಹಾಕಿದ ಆಯಿಲ್‌ಜ್ಯಾಪರ್ ಎಂಬ ಬ್ಯಾಕ್ಟೀರಿಯಾ ಮಿಶ್ರಣವೂ ಮೆಕ್ಕೆಜೋಳದ ದಿಂಡಿನ ಪುಡಿಯನ್ನೇ ಆಸರೆಯಾಗಿ ಹೊಂದಿದೆ. ನಿಮ್ಮ ಅಂಗಳದ ಮಣ್ಣಿಗೆ ಅದೂ ಬೇಡ. ಇರುವ ಜೀವಿಗಳಿಗೆ ಉಣಿಸಿದರೆ ಸಾಕು.

ಸಮಯ ಮೀರುತ್ತಿದೆ. ಪ್ರೆಸ್‌ಮಡ್ ಬದಲಿಗೆ ಬಿಯರ್ ಕಾರ್ಖಾನೆಯ ಬಾರ್ಲಿ ಹಿಂಡಿ, ಹಾಲಿನ ಡೇರಿಯ ಕೆಸರು ಕೂಡ ಆಗುತ್ತವೆ. ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಹಸಿ ಇರಲಿ, ಮಳೆ ಬಂದರೆ ತಾಡಪತ್ರಿ ಹೊದಿಸಿ, ಮಗುಚುವುದನ್ನು ದಯವಿಟ್ಟು ಮರೆಯಬೇಡಿ. ನಮಸ್ಕಾರ.