ಲಾರಿ ನಿಂತ ಮೇಲಿನ ದಾರಿ

ಕೇಳುಗರಿಗೆಲ್ಲ ನಮಸ್ಕಾರ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ನರಗುಂದ ತಾಲ್ಲೂಕಿನ ಕೊಣ್ಣೂರು, ರೋಣ ತಾಲ್ಲೂಕಿನ ಹೊಳೆಆಲೂರು ಕಡೆಯ ಜನ ಪಟ್ಟ ಪಾಡನ್ನು ನೀವು ಮರೆತಿರಲಿಕ್ಕಿಲ್ಲ. ಅಂಥ ಹೊತ್ತಿನಲ್ಲಿ ಕೊಡುವ ಕೈಗಳಿಗೆ ಬರವಿಲ್ಲ. ಆದರೆ ಡಾಂಬರು ರಸ್ತೆ ಮುಗಿದಲ್ಲಿ ನೆರವು ಹೊತ್ತು ಬಂದ ಲಾರಿಯೂ ನಿಲ್ಲುತ್ತದೆ. ನೆನೆದ ಎರೆಮಣ್ಣಿನಲ್ಲಿ ಗಾಲಿ ಹೂತರೆ ಮುಗೀತು. ಅಲ್ಲಿಂದ ಮುಂದೆ ಊರಿನವರ ಟ್ರ್ಯಾಕ್ಟರೇ ಗತಿ. ಸಾಮಾನನ್ನು ರಸ್ತೆ ಬದಿಗೇ ಇಳಿಸಿ ಹೋದರೆ ಮುಂದೆ ನಿಂತವರಿಗೆ ಎರಡೆರಡು ಸಲ ಸಿಗುತ್ತದೆ. ಹಿಂದಿನ ಓಣಿಯಲ್ಲಿ ಒಬ್ಬಳೇ ಇರುವ ಮುದುಕಿಗೆ ಏನೂ ಇಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. 2015ರಲ್ಲಿ ನೇಪಾಳದಲ್ಲಿ ಭೂಕಂಪವಾದಾಗ ಹೊರದೇಶಗಳಿಂದ ವಿಮಾನಗಳು ಹೊರಟವು. ಕಠ್ಮಂಡು ನಿಲ್ದಾಣದಲ್ಲಿ ಇದ್ದದ್ದು ಒಂದೇ ರನ್‌ವೇ. ಅದು ಹಾಳಾಗತೊಡಗಿ ದೊಡ್ಡ ವಿಮಾನಗಳನ್ನು ತಡೆಯಬೇಕಾಯಿತು. ಗುಡ್ಡದ ಮೇಲಿನ ಹಳ್ಳಿಗಳಿಗೆ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದವರು ಅಲ್ಲಿನ ಕೂಲಿಗಳು, ಹೇಸರಗತ್ತೆಗಳ ಬೆನ್ನ ಮೇಲೆ ಅಕ್ಕಿ, ತಗಡು ಕಳಿಸಿದರು. ಯಾವ ಕಾಲುದಾರಿ ಕುಸಿದಿದೆ, ಯಾವುದು ಉಳಿದಿದೆ ಅಂತ ಗೊತ್ತಿದ್ದದ್ದು ಆ ಊರಿನವರಿಗೆ ತಾನೇ?

ಹಾಗಂತ ಹೊರಗಿನವರು ಬೇಡ ಎನ್ನುತ್ತಿಲ್ಲ. ಇಟಲಿಯ ಬ್ರಿಂಡಿಸಿ, ದುಬೈನಂಥ ಕಡೆ ವಿಶ್ವಸಂಸ್ಥೆಯ ಗೋದಾಮುಗಳಲ್ಲಿ ಡೇರೆ, ಕಂಬಳಿ, ಔಷಧಿ ಸದಾ ಸಿದ್ಧವಿರುತ್ತವೆ. ಅಷ್ಟು ದಾಸ್ತಾನು ನಮ್ಮೂರಿನ ಯುವಕ ಸಂಘದ ಕೈಲಿ ಆಗುವ ಮಾತಲ್ಲ. ಅವರ ಅಳತೆಗಳೂ ಒಳ್ಳೆಯವೇ. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಬೇಕು ಎನ್ನುತ್ತದೆ ನೆರವಿನ ಸಂಸ್ಥೆಗಳು ಒಪ್ಪಿಕೊಂಡಿರುವ ‘ಸ್ಫಿಯರ್’ ಎಂಬ ಮಾನದಂಡ. ಆದರೆ ಎತ್ತು, ಎಮ್ಮೆಗಳ ಬಾಯಿಗೆ? ಕಣಿಕೆಯ ಬಣಿವೆ ಕೊಚ್ಚಿಹೋದ ರೈತ ತನ್ನ ಊಟಕ್ಕಿಂತ ಮೊದಲು ಮೇವು ಕೇಳುತ್ತಾನೆ. ಇದನ್ನು ಹೇಳುವವರು ಯೋಜನೆ ಮಾಡುವಾಗಲೇ ಜೊತೆಗೆ ಕೂತಿರಬೇಕು. ಸಾಮಾನು ಹಂಚುವಾಗ ಮಾತ್ರ ಅವರನ್ನು ಕರೆದರೆ ಏನು ಉಪಯೋಗ?

2016ರಲ್ಲಿ ಇಸ್ತಾನ್‌ಬುಲ್‌ನಲ್ಲಿ ದೊಡ್ಡ ದಾನಿಗಳೂ ಸಂಸ್ಥೆಗಳೂ ಒಂದು ಮಾತು ಕೊಟ್ಟವು. 2020ರೊಳಗೆ ನೆರವಿನ ಹಣದಲ್ಲಿ ಶೇಕಡಾ 25ರಷ್ಟನ್ನು ಆದಷ್ಟು ನೇರವಾಗಿ ಸ್ಥಳೀಯರಿಗೇ ತಲುಪಿಸುವುದು ಅಂತ. ಗಡುವು ಮುಗಿಯಿತು, ಗುರಿ ಮುಟ್ಟಲಿಲ್ಲ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಅಕ್ಕಿ ಚೀಲಕ್ಕೆ ದುಡ್ಡಿರುತ್ತದೆ. ಅದನ್ನು ಒಯ್ಯುವ ಟ್ರ್ಯಾಕ್ಟರ್‌ನ ಡೀಸೆಲ್ಲಿಗೆ, ಗೋದಾಮಿನ ಬಾಡಿಗೆಗೆ, ಲೆಕ್ಕ ಬರೆಯುವ ಹುಡುಗಿಯ ಸಂಬಳಕ್ಕೆ ದುಡ್ಡಿಲ್ಲ ಅಂದರೆ ಹೇಗೆ? ಆ ಖರ್ಚನ್ನೂ ಹೊರಗಿನ ಸಂಸ್ಥೆಗಳೇ ಭರಿಸಬೇಕು. ಸ್ಥಳೀಯ ಸಂಘಗಳೂ ಅಷ್ಟೇ, ಲೆಕ್ಕವನ್ನು ಚೊಕ್ಕವಾಗಿ ಇಟ್ಟು ಊರವರ ಮುಂದೆ ಓದಬೇಕು.

ನಮ್ಮಲ್ಲಿ ಇದಕ್ಕೆ ಅನುಕೂಲ ಜಾಸ್ತಿ. ಹುಬ್ಬಳ್ಳಿಯಲ್ಲಿ ಗೋದಾಮುಗಳಿವೆ, ಲಾರಿಗಳಿವೆ. ಕಟಕ್ ರೊಟ್ಟಿ ಬಡಿಯುವ ಮಹಿಳಾ ಸಂಘಗಳಿವೆ. ಆ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಒಲೆಯೂ ಬೇಡ. ದೂರದಿಂದ ಬಿಸ್ಕತ್ತು ತರುವ ಬದಲು ಇವರಿಂದಲೇ ಕೊಳ್ಳಬಹುದು, ಅಲ್ವಾ? ಹೊರಗಿನ ಸಂಸ್ಥೆಗಳೂ ಊರಿನ ಸಂಘಗಳೂ ಮುಂಗಾರಿಗೆ ಮೊದಲೇ ದರ ಮಾತಾಡಿಕೊಳ್ಳಲಿ. ಟ್ರ್ಯಾಕ್ಟರ್ ಯಾರದು, ಎತ್ತರದ ಶಾಲೆ ಯಾವುದು, ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂಬ ಪಟ್ಟಿ ಬರೆದಿಡಲಿ. ಒಂದು ಪ್ರತಿ ಪಂಚಾಯ್ತಿಯಲ್ಲಿ, ಒಂದು ತಹಶೀಲ್ದಾರರ ಕಚೇರಿಯಲ್ಲಿ, ಇನ್ನೊಂದು ಹೊರಗಿನ ಸಂಸ್ಥೆಯವರ ಕೈಯಲ್ಲಿ ಇರಲಿ.

ನಮಸ್ಕಾರ.