ಕೋಬುರ್ಗ್ ಊರಿನ ಲಾಂಛನದಲ್ಲಿರೋ ಕಪ್ಪು ಮುಖ ಯಾರದು?

ಇಲ್ಲಿ ನೋಡಿ, ನಾನು ನಡೀತಾ ನಡೀತಾ ತಟ್ಟನೆ ಬಗ್ಗಿ, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೆ. ರೈಲು ಇಳಿದು ಪೇಟೆ ಕಡೆ ಬರ್ತಾ ಇದ್ವಿ. ಕಾಲ ಕೆಳಗೊಂದು ಮ್ಯಾನ್‌ಹೋಲ್ ಮುಚ್ಚಳ, ಆ ಕಬ್ಬಿಣದ ಮೇಲೆ ಒಬ್ಬ ಮನುಷ್ಯನ ತಲೆ. ಪಕ್ಕಕ್ಕೆ ತಿರುಗಿದ ಮುಖ, ಗುಂಗುರು ಕೂದಲು, ದಪ್ಪ ತುಟಿ, ಕಿವಿಗೊಂದು ರಿಂಗು. ಮುಖದ ಮೇಲೆ ಕಾಲಿಟ್ಟುಬಿಟ್ಟೆನಲ್ಲಾ ಅಂತ ಕೈ ತಾನಾಗೇ ಹೋಯ್ತು. ಅದು ಒಬ್ಬ ಸಂತರ ಮುಖ ಅಂತ ಗೊತ್ತಾಗಿದ್ದು ಆಮೇಲೆ.

ಊರಿನ ಹೆಸರು ಕೋಬುರ್ಗ್. ಜರ್ಮನಿಯ ಬವೇರಿಯಾ ರಾಜ್ಯದ ಉತ್ತರದ ಅಂಚಿನಲ್ಲಿದೆ. ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ ಇಲ್ಲಿನ ರಾಜಮನೆತನದವರು. ಅವರ ಪ್ರತಿಮೆ, ಗುಡ್ಡದ ಮೇಲಿನ ಕೋಟೆ, ಇದನ್ನೆಲ್ಲ ನೋಡೋಕೆ ಅಂತಾನೇ ನಾವು ಬಂದಿದ್ದು. ಆದ್ರೆ ಇಡೀ ದಿನ ಆ ಮುಖದ ಹಿಂದೇನೇ ಸುತ್ತಿದ್ವಿ. ನಗರಸಭೆಯ ಲಾಂಛನದಲ್ಲೂ ಅದೇ ಮುಖ: ಹಳದಿ ಹಿನ್ನೆಲೆ, ಕಪ್ಪು ತಲೆ.

ಅವರು ಸಂತ ಮೊರಿಟ್ಸ್. ಲ್ಯಾಟಿನ್‌ನಲ್ಲಿ ಮೌರೀಷಿಯಸ್. ಹಿಮದಾಟಕ್ಕೆ ಹೆಸರಾದ ಸ್ವಿಟ್ಜರ್‌ಲೆಂಡಿನ ಸೇಂಟ್ ಮೊರಿಟ್ಸ್ ಇದೆಯಲ್ಲ, ಅದಕ್ಕೂ ಇವರದೇ ಹೆಸರು. ಕ್ರೈಸ್ತರ ಐತಿಹ್ಯದ ಪ್ರಕಾರ ಇವರು ಈಜಿಪ್ಟಿನ ಥೀಬ್ಸ್ ಕಡೆಯಿಂದ ಬಂದ ರೋಮನ್ ಪಡೆಯ ದಂಡನಾಯಕ. ಮೂರನೇ ಶತಮಾನದ ಕೊನೆ ಅಂತಾರೆ. ಚಕ್ರವರ್ತಿ ಮ್ಯಾಕ್ಸಿಮಿಯನ್ ಕ್ರೈಸ್ತರನ್ನ ಕೊಲ್ಲೋಕೆ ಹೇಳಿದ. ಇವರು ಆಗೋದಿಲ್ಲ ಅಂದ್ರು. ಹತ್ತು ಜನಕ್ಕೊಬ್ಬನಂತೆ ತಲೆ ತೆಗೆಸಿದ, ಆಗಲೂ ಯಾರೂ ಬಗ್ಗಲಿಲ್ಲ. ಕೊನೆಗೆ ಇಡೀ ಪಡೆಯನ್ನೇ ಮುಗಿಸಿದ. ಅದು ನಡೀತು ಅನ್ನೋ ಜಾಗ ಇವತ್ತಿನ ಸ್ವಿಟ್ಜರ್‌ಲೆಂಡಿನಲ್ಲಿದೆ. ಅದು ಬೇರೆ ಊರು, ಅದಕ್ಕೂ ಇವರದೇ ಹೆಸರು.

ನನಗೆ ತುಂಬಾ ಹಿಡಿಸಿದ ಸಂಗತಿ ಮುಂದಿನದು. ಶುರುವಿನಲ್ಲಿ ಯುರೋಪಿನ ಕಲಾವಿದರು ಮೊರಿಟ್ಸ್ ಅವರನ್ನ ಬಿಳಿ ಸೈನಿಕನ ಥರಾನೇ ತೋರಿಸ್ತಾ ಇದ್ರು. ಹದಿಮೂರನೇ ಶತಮಾನದಲ್ಲಿ, ಸುಮಾರು 1240ರಿಂದ 1250ರ ಒಳಗೆ, ಜರ್ಮನಿಯ ಮಾಗ್ಡೆಬುರ್ಗ್ ಊರಿನ ದೊಡ್ಡ ಚರ್ಚಿಗೆ ಯಾರೋ ಶಿಲ್ಪಿ ಅವರನ್ನ ಆಫ್ರಿಕಾದ ಮನುಷ್ಯನಾಗಿ ಕಡೆದ. ಹೋದ ವರ್ಷ ಆ ಮೂರ್ತಿ ಮುಂದೆ ನಿಂತಿದ್ದೆ. ಮರಳುಗಲ್ಲಿನದು. ಕಾಲು ಮುರಿದುಹೋಗಿದೆ, ಬಣ್ಣ ಅಲ್ಲಲ್ಲಿ ಉಳಿದಿದೆ. ತಲೆಗೂ ಭುಜಕ್ಕೂ ಕಬ್ಬಿಣದ ಬಳೆಗಳ ಕವಚ ಕುಲಾವಿ ಹಾಗೆ ಸುತ್ತಿಕೊಂಡಿದೆ, ಕಾಣೋದು ಮುಖ ಅಷ್ಟೇ. ಅಗಲ ಮೂಗು, ಶಾಂತವಾದ ಕಣ್ಣು. ಯಾರೋ ಒಬ್ಬ ಆಫ್ರಿಕಾದವರನ್ನ ಎದುರಿಗೆ ಕೂರಿಸಿಕೊಂಡು ಕಡೆದ ಹಾಗಿದೆ. ಅಲ್ಲಿಂದಾಚೆಗೆ ಜರ್ಮನಿಯ ಎಷ್ಟೋ ಚಿತ್ರಗಳಲ್ಲಿ ಮೊರಿಟ್ಸ್ ಕಪ್ಪು ವೀರನಾದರು.

ಕೋಬುರ್ಗ್‌ಗೆ ಇವರು ಊರದೇವರಿದ್ದ ಹಾಗೆ. ಊರ ನಡುವಿನ ಹಳೇ ಚರ್ಚೇ ಮೊರಿಟ್ಸ್ ಚರ್ಚು. ಅದೋ, ಒಂದು ಗೋಪುರ ಎತ್ತರ, ಇನ್ನೊಂದು ಗಿಡ್ಡ, ಅದೇ. 1530ರಲ್ಲಿ, ಪ್ರಾಟೆಸ್ಟೆಂಟ್ ಪಂಥಕ್ಕೆ ಕಾರಣರಾದ ಮಾರ್ಟಿನ್ ಲೂಥರ್ ಇಲ್ಲಿನ ಕೋಟೆಯಲ್ಲಿ ಆರು ತಿಂಗಳ ಹತ್ತಿರ ಇದ್ರು, ಈ ಚರ್ಚಿನಲ್ಲಿ ಪ್ರವಚನ ಮಾಡಿದ್ರು. ಆ ಕಾಲದಲ್ಲಿ ಊರು ಸಂತರ ಪೂಜೆ ಒಪ್ಪದ ಆ ಪಂಥಕ್ಕೆ ಸೇರಿತು, ಪೂಜೆ ನಿಂತುಹೋಯ್ತು. ಮೊರಿಟ್ಸ್ ಮಾತ್ರ ಹೋಗಲಿಲ್ಲ. ಪುರಸಭಾ ಭವನದ ತುದಿ ಮೇಲೆ ನಿಂತಿದ್ದಾರೆ ನೋಡಿ, ಕೈಯಲ್ಲಿ ದಂಡ ಹಿಡಿದು. ಇಲ್ಲಿನ ಹೆಸರಾಂತ ಸಾಸೇಜಿಗೆ ಆ ದಂಡದ ಉದ್ದವೇ ಅಳತೆ ಅಂತ ಊರಿನವರ ಮಾತು, 31 ಸೆಂಟಿಮೀಟರ್. ಕೆಳಗೆ ಚೌಕದಲ್ಲಿ ಪೈನ್ ಮರದ ಕಾಯಿ ಉರಿಸಿ ಅದನ್ನ ಸುಡ್ತಾರೆ, ಚೌಕದ ತುಂಬಾ ಅದರದೇ ಹೊಗೆ.

ಇನ್ನು ಕಷ್ಟದ ಭಾಗ. 1929ರಲ್ಲಿ ಜರ್ಮನಿಯಲ್ಲೇ ಮೊದಲ ಸಲ ನಾಜಿ ಪಕ್ಷಕ್ಕೆ ನಗರಸಭೆಯಲ್ಲಿ ಪೂರ್ತಿ ಬಹುಮತ ಸಿಕ್ಕಿದ್ದು ಇದೇ ಕೋಬುರ್ಗ್‌ನಲ್ಲಿ. ಕಪ್ಪು ಮನುಷ್ಯನೊಬ್ಬ ಊರಿನ ಗುರುತಾಗಿರೋದನ್ನ ಅವರು ಸಹಿಸಲಿಲ್ಲ. 1934ರಲ್ಲಿ ಲಾಂಛನ ಬದಲಾಯಿಸಿದ್ರು. ಅರ್ಧ ಕಪ್ಪು, ಅರ್ಧ ಹಳದಿ, ನಡುವೆ ಕತ್ತಿ, ಕತ್ತಿಯ ಹಿಡಿ ತುದಿಯಲ್ಲಿ ಸ್ವಸ್ತಿಕ. ನಮ್ಮ ಹೊಸ್ತಿಲ ಮೇಲೆ ಬರೆಯೋ ಸ್ವಸ್ತಿಕ ಅಂದ್ಕೋಬೇಡಿ, ಇದು ನಾಜಿಗಳದ್ದು. ಹನ್ನೊಂದು ವರ್ಷ ಅದೇ ಇತ್ತು. 1945ರಲ್ಲಿ ಯುದ್ಧ ಮುಗಿದ ಮೇಲೆ ಊರು ಮೊರಿಟ್ಸ್ ಅವರನ್ನ ವಾಪಸ್ ತಂದುಕೊಳ್ತು.

ಅಲ್ಲಿಗೆ ಕತೆ ಮುಗಿದಿಲ್ಲ. 2020ರಲ್ಲಿ ಈ ಲಾಂಛನ ತೆಗೀಬೇಕು ಅಂತ ಒಂದು ಮನವಿ ಬಂತು, ತೆಗೀಬಾರದು ಅಂತ ಇನ್ನೊಂದು. ತೆಗೀರಿ ಅನ್ನೋರ ನೋವು ನನಗೆ ಅರ್ಥ ಆಗತ್ತೆ. ಜನ ಸಂತರ ಹೆಸರು ಬಿಟ್ಟು ‘ಮೋರ್’ ಅಂತ ಕರೀತಾರೆ, ಅದು ಕಪ್ಪು ಜನರನ್ನ ಕರೀತಿದ್ದ ಹಳೇ ಪದ, ಇವತ್ತು ಅದು ಚುಚ್ಚೋ ಮಾತು. ಆ ದಪ್ಪ ತುಟಿ, ಆ ರಿಂಗು ಕೂಡ ಒಬ್ಬ ವ್ಯಕ್ತಿಯದು ಅನ್ಸೋದಿಲ್ಲ, ಕಪ್ಪು ಜನ ಅಂದ್ರೆ ಹೀಗೇ ಅಂತ ಅಚ್ಚು ಒತ್ತಿದ ಹಾಗಿದೆ. ಈ ದೇಶದಲ್ಲಿ ನನ್ನ ಮೈಬಣ್ಣಕ್ಕೆ ಒಂದೆರಡು ಮಾತು ಕೇಳಿಸಿಕೊಂಡಿರೋಳು ನಾನು, ಹಾಗಾಗಿ ಇದನ್ನ ಸುಮ್ಮನೆ ತಳ್ಳಿಹಾಕೋಕೆ ಆಗಲ್ಲ.

ಆದ್ರೂ ಆ ಮುಖ ಹೋಗಬಾರದು ಅಂತ ನನ್ನ ಮನಸ್ಸು. ನಾಜಿಗಳು ಕಿತ್ತುಹಾಕಿದ ಮುಖ ಅದು. ಇರಲಿ, ಬರೆಯೋ ರೀತಿ ಬದಲಾಗಲಿ. ಎಂಟುನೂರು ವರ್ಷದ ಹಿಂದೆ ಮಾಗ್ಡೆಬುರ್ಗ್‌ನ ಶಿಲ್ಪಿಗೆ ಒಬ್ಬ ಮನುಷ್ಯನನ್ನ ಮನುಷ್ಯನ ಹಾಗೆ ಕಡೆಯೋಕೆ ಬಂತು. ಅದನ್ನೇ ನೋಡಿ ಬರೆಯಬಹುದು. ಕೆಳಗೆ ಹೆಸರೂ ಹಾಕಲಿ: ಸಂತ ಮೊರಿಟ್ಸ್.

ಕೋಟೆಗೆ ಹೋಗೋ ಅಷ್ಟರಲ್ಲಿ ಬಾಗಿಲು ಹಾಕೋ ಹೊತ್ತಾಗಿತ್ತು. ಸಣ್ಣಗೆ ಮಳೆ ಹಿಡೀತು. ವಾಪಸ್ ಸ್ಟೇಷನ್ ದಾರಿಯಲ್ಲಿ ಅದೇ ಮುಚ್ಚಳ ಸಿಕ್ತು, ಕಿವಿಯ ರಿಂಗಿನ ಒಳಗೆ ಮಳೆನೀರು ನಿಂತಿತ್ತು. ಈ ಸಲ ಇಬ್ಬರೂ ಪಕ್ಕಕ್ಕೆ ಸರಿದು, ಸುತ್ತು ಹಾಕಿಕೊಂಡು ನಡೆದ್ವಿ.